ಎಲ್ಲಿ ಕೈ ಹಾಕಿದರೂ ಒಂದೇ ಮಾಲು: ‘ಹೋಮೋಜೀನಿಯಸ್’ ಪದವನ್ನು ಕೈವಶ ಮಾಡಿಕೊಳ್ಳುವ ಬಗೆ

ಅಪ್ಪ ಕೊಬ್ಬರಿಯನ್ನು ತಿಪಟೂರಿನ ಮಂಡಿಗೆ ಹಾಕಲು ಹೋಗುವಾಗ ರಜೆ ಇದ್ದರೆ ನಾನೂ ಜೊತೆಗೆ ಹೋಗುತ್ತಿದ್ದೆ. ಅಟ್ಟದ ಮೇಲೆ ಹತ್ತು ಹನ್ನೊಂದು ತಿಂಗಳು ಬಿದ್ದಿದ್ದು, ಒಳಗಿನ ನೀರೆಲ್ಲ ಇಂಗಿ, ಅಲ್ಲಾಡಿಸಿದರೆ ಗುಡುಗುಡು ಅನ್ನುವ ಉಂಡೆ ಕೊಬ್ಬರಿ. ರಾಶಿ ಸುರಿದ ಮೇಲೆ ವರ್ತಕರು ಮೇಲೆ ಕಾಣುವ ಕೊಬ್ಬರಿಯನ್ನು ಮುಟ್ಟುತ್ತಲೇ ಇರಲಿಲ್ಲ. ಮೊಣಕೈ ಮುಳುಗುವ ತನಕ ಕೈ ತೂರಿಸಿ ಅಡಿಯಿಂದ ಒಂದು, ಪಕ್ಕದಿಂದ ಒಂದು, ನಡುವಿನಿಂದ ಒಂದು ಎಳೆದು, ಒಡೆದು, ಮೂಸಿ ನೋಡುತ್ತಿದ್ದರು. ಅಪ್ಪ ಆಡುತ್ತಿದ್ದದ್ದು ಒಂದೇ ಮಾತು: “ಎಲ್ ಬೇಕಾದ್ರೂ ಕೈ ಹಾಕಿ ಸ್ವಾಮಿ, ಒಂದೇ ಮಾಲು.”

ಮುಂದೆ ನಾನು ಕೆಮಿಸ್ಟ್ರಿ ಓದಿ, ಪಿಯು ಕಾಲೇಜಿನಲ್ಲಿ ಮೂವತ್ತು ವರ್ಷ ಪಾಠ ಮಾಡಿದೆ. ಪ್ರತಿ ಜೂನ್‌ನಲ್ಲೂ ಮೊದಲ ಪಾಠದಲ್ಲೇ ಆ ಪದ ಬರುತ್ತದೆ: ಹೋಮೋಜೀನಿಯಸ್. ಎಸ್ಸೆಸ್ಸೆಲ್ಸಿವರೆಗೆ ಕನ್ನಡದಲ್ಲಿ ಓದಿ ಬಂದ ಮಕ್ಕಳ ಮುಖ ಅಲ್ಲಿಗೇ ಬಾಡುತ್ತದೆ. ಅವರಿಗೆ ವಿಷಯ ಗೊತ್ತಿರುತ್ತದೆ, ಪದ ಅಡ್ಡ ಬರುತ್ತದೆ. ನನಗೂ ಹಾಗೇ ಆಗಿತ್ತು. ಡಿಗ್ರಿಯ ಮೊದಲ ವರ್ಷ ನಾನು ಈ ಪದವನ್ನು ತಪ್ಪಾಗಿ ಓದಿದಾಗ ಅಧ್ಯಾಪಕರೊಬ್ಬರು ತರಗತಿಯೆಲ್ಲ ನಗುವ ಹಾಗೆ ಅದನ್ನೇ ಎರಡು ಸಲ ಅನುಕರಿಸಿದರು. ಸರಿಯಾದದ್ದು ಯಾವುದು ಎಂದು ಮಾತ್ರ ಹೇಳಲಿಲ್ಲ. ಆ ದಿನದ ನೋವು ಇವತ್ತಿಗೂ ನೆನಪಿದೆ. ಹಾಗಾಗಿ ನನ್ನ ಮಕ್ಕಳಿಗೆ ಹೇಳಿಕೊಡುತ್ತಿದ್ದ ಕ್ರಮವನ್ನು ಇಲ್ಲಿ ಬರೆದಿಡುತ್ತಿದ್ದೇನೆ.

ಮೊದಲು ನಾಲಿಗೆಗೆ, ಆಮೇಲೆ ಕೈಗೆ

ಅರ್ಥಕ್ಕೆ ಈಗಲೇ ಹೋಗಬೇಡಿ. ಗಟ್ಟಿಯಾಗಿ ಬಿಡಿಸಿ ಹೇಳಿ: ಹೋ – ಮೊ – ಜೀ – ನಿ – ಯಸ್. ಐದು ತುಂಡು. ಒತ್ತು ಬೀಳುವುದು ‘ಜೀ’ ಮೇಲೆ. ಹತ್ತು ಸಲ ಹೇಳಿದರೆ ಸಾಕು, ನಾಲಿಗೆ ತಾನೇ ದಾರಿ ಹಿಡಿಯುತ್ತದೆ.

ಈಗ ಇಂಗ್ಲಿಷಿನಲ್ಲಿ ಬರೆಯಿರಿ: homogeneous. ಎಡವುವ ಜಾಗ ಒಂದೇ: ‘ಎನ್’ ಆದ ಮೇಲೆ, ‘ಓ ಯು ಎಸ್’ ಬರುವ ಮೊದಲು, ಒಂದು ‘ಇ’ ಇದೆ. ‘ನಿ’ ಎಂಬ ನಾಲ್ಕನೆಯ ತುಂಡು ಹುಟ್ಟುವುದೇ ಆ ‘ಇ’ಯಿಂದ. ಸೈಮಲ್ಟೇನಿಯಸ್, ಸ್ಪಾಂಟೇನಿಯಸ್, ಮಿಸಲೇನಿಯಸ್ ಪದಗಳಲ್ಲೂ ಅದೇ ಜಾಗದಲ್ಲಿ ಅದೇ ‘ಇ’ ಇದೆ. ನಾಲ್ಕನ್ನೂ ಒಟ್ಟಿಗೆ ಒಂದು ಸಾಲಿನಲ್ಲಿ ಬರೆದುಕೊಳ್ಳಿ. ಇಂಡಿಜಿನಸ್ ಎಂಬ ಪದದಲ್ಲಿ ಆ ‘ಇ’ ಇಲ್ಲ. ಕೈ ತಪ್ಪುವುದು ಅದರ ಜೊತೆಗಿನ ಗೊಂದಲದಿಂದಲೇ.

‘ಇ’ ಬಿಟ್ಟು ಬರೆದದ್ದೂ ಒಂದು ಪದವೇ. ಅದನ್ನು ‘ಹೊಮಾಜಿನಸ್’ ಎಂದು ಓದುತ್ತಾರೆ. ಅದರ ಕಥೆ ಬೇರೆ. 1870ರಲ್ಲಿ ಇಂಗ್ಲೆಂಡಿನ ಪ್ರಾಣಿಶಾಸ್ತ್ರಜ್ಞ ರೇ ಲ್ಯಾಂಕೆಸ್ಟರ್ ಅವರು, ಒಂದೇ ಪೂರ್ವಜರಿಂದ ಬಂದ ಕಾರಣಕ್ಕೆ ಎರಡು ಜೀವಿಗಳ ಅಂಗಗಳಲ್ಲಿ ಕಾಣುವ ಹೋಲಿಕೆಗೆ ‘ಹೊಮಾಜಿನಿ’ ಎಂದು ಹೆಸರಿಟ್ಟರು. ಜೀವಶಾಸ್ತ್ರದಲ್ಲಿ ಆ ಹೆಸರು ನಿಲ್ಲಲಿಲ್ಲ. ಹೋಮಾಲಜಿ ಎಂಬುದೇ ಉಳಿಯಿತು. ಈಗ ಜನ ‘ಇ’ ಇರುವ ಪದವನ್ನೂ ಇಲ್ಲದ ಪದವನ್ನೂ ಒಂದೇ ಅರ್ಥದಲ್ಲಿ ಬಳಸುವುದರಿಂದ ನಿಘಂಟುಗಳೂ ಅದನ್ನು ಒಪ್ಪಿಕೊಂಡಿವೆ. ಆದರೂ ಪರೀಕ್ಷೆಯಲ್ಲಿ, ಲೇಖನದಲ್ಲಿ, ‘ಇ’ ಇರುವುದನ್ನೇ ಬರೆಯಿರಿ ಎನ್ನುವುದು ನನ್ನ ಕಟ್ಟುನಿಟ್ಟು.

ಪದವನ್ನು ಎರಡು ಹೋಳು ಮಾಡಿ

ಹೋಮೊ ಒಂದು ಹೋಳು, ಜೀನಿಯಸ್ ಇನ್ನೊಂದು. ಒಂದು ವರ್ಷ ಮುಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತು ಕೇಳಿದಳು: “ಮಿಸ್, ಹೋಮೊ ಅಂದ್ರೆ ಮನುಷ್ಯ ಅಲ್ವಾ? ಹೋಮೋ ಸೇಪಿಯನ್ಸ್ ಅಂತೀವಲ್ಲ.” ಇನ್ನೊಬ್ಬನಿಗೆ ಜೀನಿಯಸ್ ಎಂದರೆ ಮಹಾಬುದ್ಧಿವಂತ. ಎರಡೂ ಸೇರಿಸಿದರೆ ಬುದ್ಧಿವಂತ ಮನುಷ್ಯ! ಪದ ಒಡೆದು ನೋಡುವ ಅವರ ಬುದ್ಧಿ ನನಗೆ ತುಂಬ ಇಷ್ಟವಾಯಿತು. ಒಡೆದದ್ದು ಸರಿಯಾಗಿಯೇ ಇತ್ತು, ಹೋಳುಗಳ ಊರು ಮಾತ್ರ ತಪ್ಪಿತ್ತು.

ಹೋಮೋ ಸೇಪಿಯನ್ಸ್‌ನ ಹೋಮೊ ಲ್ಯಾಟಿನ್ನಿನದು. ಅದಕ್ಕೆ ಮನುಷ್ಯ ಎಂದೇ ಅರ್ಥ. ಮಣ್ಣು ಎಂಬರ್ಥದ ‘ಹ್ಯೂಮಸ್’ ಜೊತೆ ಅದಕ್ಕೆ ನಂಟು. ನಮ್ಮ ಪದದ ಹೋಮೊ ಗ್ರೀಕ್ ಭಾಷೆಯ ‘ಹೊಮೊಸ್’. ಅದರ ಅರ್ಥ ಅದೇ, ಒಂದೇ, ಸಮ. ಎರಡನೆಯ ಹೋಳು ಗ್ರೀಕಿನ ‘ಗೆನೊಸ್’: ಕುಲ, ಬಗೆ, ಜಾತಿ. ಎರಡೂ ಸೇರಿ ಗ್ರೀಕಿನಲ್ಲಿ ‘ಹೊಮೊಗೆನೆಸ್’, ಅಂದರೆ ಒಂದೇ ಕುಲದ, ಒಂದೇ ಬಗೆಯ. ಅದು ಮಧ್ಯಯುಗದ ಲ್ಯಾಟಿನ್ನಿಗೆ ‘ಹೊಮೊಗೆನೆಯುಸ್’ ಆಗಿ ಬಂತು, ಅಲ್ಲಿಂದ 17ನೇ ಶತಮಾನದಲ್ಲಿ ಇಂಗ್ಲಿಷಿಗೆ ದಾಟಿತು. ನಾವು ಕಷ್ಟಪಟ್ಟು ನೆನಪಿಡುವ ಆ ‘ಇ’ ಲ್ಯಾಟಿನ್ನಿನ ಹಾದಿಯಲ್ಲಿ ಉಳಿದು ಬಂದದ್ದು.

ಇನ್ನು ಮುಂದಿನದನ್ನು ಹೇಳುವಾಗ ನನಗೆ ಪ್ರತಿವರ್ಷವೂ ಹೊಸದೆನ್ನುವಷ್ಟು ಖುಷಿ. ಗ್ರೀಕ್ ಮತ್ತು ಸಂಸ್ಕೃತ ಒಂದೇ ಬುಡದ ಕವಲುಗಳು. 1786ರಲ್ಲಿ ಕಲ್ಕತ್ತೆಯ ಏಷ್ಯಾಟಿಕ್ ಸೊಸೈಟಿಯಲ್ಲಿ ವಿಲಿಯಂ ಜೋನ್ಸ್ ಈ ನಂಟಿನ ಬಗ್ಗೆ ಮಾಡಿದ ಭಾಷಣ ಹೆಸರಾದದ್ದು. ಆ ಬುಡದಲ್ಲಿ ಪದದ ಮೊದಲಿಗೆ ‘ಸ’ ಇದ್ದ ಕಡೆ ಸಂಸ್ಕೃತ ‘ಸ’ವನ್ನೇ ಉಳಿಸಿಕೊಂಡಿತು, ಗ್ರೀಕ್ ಅದನ್ನು ‘ಹ’ ಮಾಡಿತು. ಸಪ್ತ ಅಲ್ಲಿ ಹೆಪ್ಟ. ಹಾಗಾಗಿಯೇ ಏಳು ಇಂಗಾಲದ ಹೈಡ್ರೋಕಾರ್ಬನ್ನಿಗೆ ಹೆಪ್ಟೇನ್ ಎಂಬ ಹೆಸರು. ಸರ್ಪಗಳನ್ನೂ ಅವುಗಳ ಬಂಧುಗಳನ್ನೂ ಕುರಿತ ಶಾಸ್ತ್ರ ಹರ್ಪಿಟಾಲಜಿ. ಹಾಗೆಯೇ ಸಮ ಅಲ್ಲಿ ಹೊಮೊಸ್. ಇಂಗ್ಲಿಷಿನ ‘ಸೇಮ್’ ಕೂಡ ಅದೇ ಮನೆಯದು.

ಕನ್ನಡಿಗರಿಗೆ ಇದನ್ನು ನಂಬಿಸಲು ಕಷ್ಟವಿಲ್ಲ. ಹಳಗನ್ನಡದ ಪಾಲ್ ನಮ್ಮ ಬಾಯಲ್ಲಿ ಹಾಲಾಯಿತು, ಪೂ ಹೂವಾಯಿತು, ಪುಲಿ ಹುಲಿಯಾಯಿತು. ಹೊರಟ ಸದ್ದು ಬೇರೆ, ನಿಂತದ್ದು ‘ಹ’ದಲ್ಲೇ. ನಮ್ಮದು ದ್ರಾವಿಡ ಭಾಷೆ, ಆ ಮನೆತನ ಬೇರೆ. ಆದರೆ ಸಂಸ್ಕೃತದಿಂದ ‘ಸಮ’, ‘ಜಾತಿ’ ಮುಂತಾದ ಪದಗಳನ್ನು ನಾವು ಎಷ್ಟೋ ಶತಮಾನಗಳ ಹಿಂದೆಯೇ ಒಳಗೆ ಬಿಟ್ಟುಕೊಂಡಿದ್ದರಿಂದ, ಗ್ರೀಕಿನ ಆ ದೂರದ ನೆಂಟ ಬಂದಾಗ ಗುರುತು ಹಿಡಿಯಬಲ್ಲೆವು.

ಎರಡನೆಯ ಹೋಳಿಗೂ ಇದೇ ದಾರಿ. ಗ್ರೀಕಿನ ಕೆಲವು ‘ಗ’ಗಳ ಜಾಗದಲ್ಲಿ ಸಂಸ್ಕೃತದಲ್ಲಿ ‘ಜ’ ಇದೆ. ಗ್ರೀಕರಿಗೆ ಮೊಣಕಾಲು ‘ಗೊನು’, ನಮ್ಮ ಆಜಾನುಬಾಹುವಿನಲ್ಲಿ ‘ಜಾನು’. ಹಾಗೆಯೇ ಗೆನೊಸ್ ಎಂದರೆ ಜನ, ಜನ್ಮ, ಜಾತಿಗಳ ಒಡಹುಟ್ಟು. ನಂಬಿಕೆ ಬರದಿದ್ದರೆ ಏಳನೇ ಕ್ಲಾಸಿನ ಪುಸ್ತಕ ತೆಗೆಯಿರಿ. ಆಕ್ಸಿಜನ್‌ಗೆ ನಾವೇನೆನ್ನುತ್ತೇವೆ? ಆಮ್ಲಜನಕ. ಹೈಡ್ರೋಜನ್? ಜಲಜನಕ. ಆ ‘ಜನ್’ ಮತ್ತು ಈ ‘ಜನಕ’ ಅರ್ಥದಲ್ಲಷ್ಟೇ ಅಲ್ಲ, ಹುಟ್ಟಿನಲ್ಲೂ ಒಂದೇ.

ಹಾಗಾದರೆ ಹೋಮೋಜೀನಿಯಸ್ ಪದವನ್ನು ಹೋಳು ಹೋಳಾಗಿ ನಮ್ಮ ಮನೆಯ ಮಾತಿಗೆ ತಂದರೆ ಏನಾಗುತ್ತದೆ? ಸಮಜಾತೀಯ. ಎಡ ಹೋಳಿಗೆ ಎಡ ಹೋಳು ರಕ್ತಸಂಬಂಧಿ, ಬಲ ಹೋಳಿಗೆ ಬಲ ಹೋಳು. ಇದನ್ನು ಬೋರ್ಡಿನ ಮೇಲೆ ಬರೆದ ದಿನ ಆ ಹುಡುಗಿ ಮತ್ತೆ ಕೈ ಎತ್ತಲಿಲ್ಲ. ನೋಟ್‌ಬುಕ್ಕಿನಲ್ಲಿ ಎರಡು ಪದವನ್ನೂ ಒಂದರ ಕೆಳಗೊಂದು ಬರೆದು ನಡುವೆ ಗೆರೆ ಎಳೆದು ನೋಡುತ್ತ ಕೂತಿದ್ದಳು.

‘ಯಾವುದರಲ್ಲಿ ಒಂದೇ?’ ಎಂದು ಕೇಳಿ

ಬೇರು ಗೊತ್ತಾದರೆ ಪದ ಗೊತ್ತಾದಂತೆ ಅಂದುಕೊಂಡು ಬಹಳ ಜನ ಇಲ್ಲಿಗೇ ನಿಲ್ಲುತ್ತಾರೆ. ನನ್ನ ಅನುಭವದಲ್ಲಿ ನಿಜವಾದ ತೊಡಕು ಶುರುವಾಗುವುದೇ ಇಲ್ಲಿ. ಇಂಗ್ಲಿಷಿನವರು ಒಂದೇ ಪದದಲ್ಲಿ ಎರಡು ಬೇರೆ ಬೇರೆ ಒಂದೇತನಗಳನ್ನು ಹೇಳುತ್ತಾರೆ.

ಒಂದು, ಅಪ್ಪನ ಕೊಬ್ಬರಿ ರಾಶಿ. ಅಲ್ಲಿ ಬಿಡಿಬಿಡಿಯಾಗಿ ಸಾವಿರ ಕೊಬ್ಬರಿ ಇವೆ. ಒಂದೊಂದೂ ಇನ್ನೊಂದರ ಹಾಗೆ. ಬೇರಿನ ಅರ್ಥ, ಅಂದರೆ ಒಂದೇ ಜಾತಿ, ಇದಕ್ಕೆ ಸರಿಯಾಗಿ ಕೂರುತ್ತದೆ.

ಇನ್ನೊಂದು, ಉಪ್ಪುನೀರು. ಅಲ್ಲಿ ಬಿಡಿ ವಸ್ತುಗಳಿಲ್ಲ. ಇರುವುದು ಒಂದೇ ದ್ರಾವಣ, ಅದರ ಒಳಗೆ ಈ ಭಾಗ ಆ ಭಾಗ ಎಂಬ ಭೇದವಿಲ್ಲ. ಕೆಮಿಸ್ಟ್ರಿಯಲ್ಲಿ ಹೋಮೋಜೀನಿಯಸ್ ಮಿಶ್ರಣ ಎಂದಾಗ ಬೇಕಾದದ್ದು ಇದು. ಉಪ್ಪು ಮತ್ತು ನೀರು ‘ಒಂದೇ ಜಾತಿ’ಯವಲ್ಲವಲ್ಲ!

ನಮ್ಮ ವೇದಾಂತಿಗಳು ಈ ವ್ಯತ್ಯಾಸವನ್ನು ಬಹಳ ಚೊಕ್ಕವಾಗಿ ಹೇಳಿಟ್ಟಿದ್ದಾರೆ. ಭೇದ ಮೂರು ಬಗೆ. ಒಂದು ಮರಕ್ಕೂ ಇನ್ನೊಂದು ಮರಕ್ಕೂ ಇರುವುದು ಸಜಾತೀಯ ಭೇದ. ಮರಕ್ಕೂ ಕಲ್ಲಿಗೂ ಇರುವುದು ವಿಜಾತೀಯ ಭೇದ. ಅದೇ ಮರದ ಎಲೆ, ಹೂ, ಹಣ್ಣುಗಳ ನಡುವೆ, ಅಂದರೆ ತನ್ನೊಳಗೇ ಇರುವುದು ಸ್ವಗತ ಭೇದ. ವಿದ್ಯಾರಣ್ಯರ ಪಂಚದಶಿಯಲ್ಲಿ ಇದೇ ಮರದ ಉದಾಹರಣೆ ಇದೆ. ರಾಶಿ ಹೋಮೋಜೀನಿಯಸ್ ಅಂದರೆ ಅಲ್ಲಿ ವಿಜಾತೀಯ ಭೇದ ಇಲ್ಲ. ಕೊಬ್ಬರಿಯ ನಡುವೆ ಕಲ್ಲು, ಕರಟ ಸೇರಿಲ್ಲ. ಉಪ್ಪುನೀರು ಹೋಮೋಜೀನಿಯಸ್ ಅಂದರೆ ಅಲ್ಲಿ ಸ್ವಗತ ಭೇದ ಇಲ್ಲ. ಈ ಎರಡು ವಾಕ್ಯ ಮನಸ್ಸಿಗೆ ಹೋದರೆ ಮುಂದಿನ ಹಾದಿ ಸಲೀಸು.

ಉಪ್ಪುನೀರಿನ ಪರೀಕ್ಷೆಯೂ ಹಳೆಯದೇ. ಛಾಂದೋಗ್ಯ ಉಪನಿಷತ್ತಿನಲ್ಲಿ ಉದ್ದಾಲಕ ತನ್ನ ಮಗ ಶ್ವೇತಕೇತುವಿಗೆ ರಾತ್ರಿ ಉಪ್ಪನ್ನು ನೀರಿಗೆ ಹಾಕಲು ಹೇಳುತ್ತಾನೆ. ಬೆಳಿಗ್ಗೆ ಆ ಉಪ್ಪನ್ನು ತಾ ಎನ್ನುತ್ತಾನೆ, ಹುಡುಕಿದರೆ ಸಿಗದು. ಈ ತುದಿಯಿಂದ ಕುಡಿ, ಹೇಗಿದೆ? ಉಪ್ಪು. ನಡುವಿನಿಂದ ಕುಡಿ? ಉಪ್ಪು. ಆ ತುದಿಯಿಂದ? ಉಪ್ಪು. ಅವನು ತೋರಿಸಲು ಹೊರಟಿದ್ದದ್ದು ಕಣ್ಣಿಗೆ ಕಾಣದೆ ಎಲ್ಲೆಲ್ಲೂ ತುಂಬಿರುವ ‘ಸತ್’ ಅನ್ನು, ಅಂದರೆ ಎಲ್ಲದರ ಮೂಲವಾದ ಇರುವಿಕೆಯನ್ನು. ಅದನ್ನು ರಸಾಯನಶಾಸ್ತ್ರದ ಪಾಠ ಎಂದು ನಾನು ಹೇಳುವುದಿಲ್ಲ. ಆದರೆ ಮಾದರಿ ತೆಗೆಯುವ ಕ್ರಮ ನೋಡಿ: ಮೂರು ಕಡೆಯಿಂದ, ಮೂರು ಸಲ, ಒಂದೇ ಉತ್ತರ. ತಿಪಟೂರಿನ ಮಂಡಿಯ ವರ್ತಕರೂ ಮಾಡುತ್ತಿದ್ದದ್ದು ಅದನ್ನೇ. ಒಂದು ವಸ್ತು ಹೋಮೋಜೀನಿಯಸ್ ಹೌದೋ ಅಲ್ಲವೋ ಎಂದು ತಿಳಿಯಲು ಇದೇ ದಾರಿ.

ಮನೆಯಲ್ಲೇ ಮಾಡಿ ನೋಡಿ. ಒಂದು ಲೋಟದಲ್ಲಿ ಉಪ್ಪುನೀರು, ಇನ್ನೊಂದರಲ್ಲಿ ಕಡೆದ ಮಜ್ಜಿಗೆ. ಕಲಕಿದ ಕೂಡಲೇ ಎರಡೂ ಮೇಲಿನಿಂದ ಕೆಳಗಿನ ತನಕ ಒಂದೇ ಥರ. ಒಂದೆರಡು ಗಂಟೆ ಮುಟ್ಟದೆ ಬಿಡಿ. ಮಜ್ಜಿಗೆಯ ಮೇಲೆ ತಿಳಿನೀರು ನಿಂತಿರುತ್ತದೆ, ಉಪ್ಪುನೀರು ಇದ್ದ ಹಾಗೇ ಇರುತ್ತದೆ. ಕಲಕಿದಾಗಿನ ಒಂದೇತನವನ್ನು ನಂಬಬೇಡಿ, ಬಿಟ್ಟು ನೋಡಿ.

ಹಾಲಿನ ತೊಡಕು

ಮಕ್ಕಳು ಅತಿ ಹೆಚ್ಚು ಜಗಳ ಆಡುವುದು ಹಾಲಿನ ವಿಷಯದಲ್ಲಿ. ಪ್ಯಾಕೆಟ್ಟಿನ ಮೇಲೆ ‘ಹೋಮೋಜಿನೈಸ್ಡ್’ ಎಂದಿರುತ್ತದೆ. ಪಠ್ಯಪುಸ್ತಕ ಹಾಲನ್ನು ಹೆಟಿರೋಜೀನಿಯಸ್, ಅಂದರೆ ಎಲ್ಲೆಡೆ ಒಂದೇ ಅಲ್ಲದ್ದು, ಎನ್ನುತ್ತದೆ. “ಯಾವುದು ಸುಳ್ಳು ಮಿಸ್?” ಯಾವುದೂ ಸುಳ್ಳಲ್ಲ.

ಕರೆದ ಹಾಲಿನಲ್ಲಿ ಕೊಬ್ಬು ಸಣ್ಣ ಸಣ್ಣ ಗೋಲಿಗಳಾಗಿ ತೇಲುತ್ತಿರುತ್ತದೆ. ಕೊಬ್ಬು ನೀರಿಗಿಂತ ಹಗುರ, ಹಾಗಾಗಿ ಗೋಲಿಗಳು ಮೇಲೇರಿ ಕೆನೆಯಾಗುತ್ತವೆ. ದೊಡ್ಡ ಗೋಲಿ ಬೇಗ ಏರುತ್ತದೆ, ಸಣ್ಣದು ಬಹಳ ನಿಧಾನ. ಫ್ರಾನ್ಸಿನ ಆಗಸ್ಟ್ ಗೊಲಾಂ 1899ರಲ್ಲಿ ಪೇಟೆಂಟ್ ಪಡೆದ ಯಂತ್ರ ಮಾಡಿದ್ದಿಷ್ಟೇ: ಹಾಲನ್ನು ಭಾರಿ ಒತ್ತಡದಲ್ಲಿ ಕಿರಿದಾದ ಸಂದಿನಿಂದ ತೂರಿಸಿ ಗೋಲಿಗಳನ್ನು ಪುಡಿ ಮಾಡುವುದು. ಮರುವರ್ಷ ಪ್ಯಾರಿಸ್ಸಿನ ವಸ್ತುಪ್ರದರ್ಶನದಲ್ಲಿ ಅದನ್ನು ಜನ ಕಂಡರು. ಈಗಿನ ಡೇರಿಗಳಲ್ಲೂ ಅದೇ ತತ್ತ್ವ; ಹೆಚ್ಚುಕಡಿಮೆ ಎಲ್ಲ ಗೋಲಿಗಳೂ ಎರಡು ಮೈಕ್ರಾನ್‌ಗಿಂತ ಸಣ್ಣವಾಗುತ್ತವೆ. ಒಂದು ಮಿಲಿಮೀಟರಿನ ಐನೂರರಲ್ಲೊಂದು ಭಾಗ ಅಂದುಕೊಳ್ಳಿ. ಆಮೇಲೆ ಕೆನೆ ಮೇಲೆ ಬಂದು ಕಟ್ಟುವುದಿಲ್ಲ. ನಮ್ಮ ಅತ್ತೆಯವರು “ಈ ಪ್ಯಾಕೆಟ್ ಹಾಲಲ್ಲಿ ಏನೋ ಕಲಬೆರಕೆ ಇದೆ ಕಣೇ, ಕೆನೇನೇ ಬರಲ್ಲ” ಎಂದು ವರ್ಷಗಟ್ಟಲೆ ಅನುಮಾನಪಟ್ಟಿದ್ದರು. ಕಲಬೆರಕೆಯಲ್ಲ, ಕೊಬ್ಬು ಹಾಲಿನ ತುಂಬ ಹಂಚಿಹೋಗಿದೆ ಎಂದು ಬಿಡಿಸಿ ಹೇಳಿದ ಮೇಲೆಯೇ ಅವರಿಗೆ ಸಮಾಧಾನವಾದದ್ದು.

ಡೇರಿಯವರ ಒಂದೇತನ ಚಮಚದ ಅಳತೆಯದು: ಪಾತ್ರೆಯ ಮೇಲಿಂದ ಒಂದು ಚಮಚ, ಅಡಿಯಿಂದ ಒಂದು ಚಮಚ ತೆಗೆದರೆ ಕೊಬ್ಬು ಸಮ. ಕೆಮಿಸ್ಟ್ರಿಯ ಒಂದೇತನ ಅಣುಗಳ ಮಟ್ಟದ್ದು. ಮೈಕ್ರೋಸ್ಕೋಪಿನಲ್ಲಿ ಇಟ್ಟರೆ ಕೊಬ್ಬಿನ ಗೋಲಿ ಬೇರೆ, ಸುತ್ತಲಿನ ನೀರು ಬೇರೆ ಎಂದು ಕಾಣುತ್ತದೆ. ಮೈಕ್ರೋಸ್ಕೋಪ್ ಇಲ್ಲದಿದ್ದರೆ ಮೊಬೈಲ್ ಟಾರ್ಚ್ ಸಾಕು. ಒಂದು ಲೋಟ ನೀರಿಗೆ ನಾಲ್ಕು ಹನಿ ಹಾಲು ಹಾಕಿ, ಕೋಣೆಯನ್ನು ಕತ್ತಲೆ ಮಾಡಿ, ಒಂದು ಕಡೆಯಿಂದ ಬೆಳಕು ಬಿಟ್ಟು ಪಕ್ಕದಿಂದ ನೋಡಿ. ಬೆಳಕಿನ ದಾರಿ ಹೊಗೆಯ ಕೋಲಿನಂತೆ ಕಾಣುತ್ತದೆ. ಉಪ್ಪುನೀರಿನಲ್ಲಿ ಹಾಗೆ ಕಾಣುವುದಿಲ್ಲ. ಇದಕ್ಕೆ ಟಿಂಡಾಲ್ ಪರಿಣಾಮ ಎಂದು ಹೆಸರು. ಆದ್ದರಿಂದ ಯಾರಾದರೂ ಹೋಮೋಜೀನಿಯಸ್ ಅಂದರೆ, ‘ಯಾವುದರಲ್ಲಿ ಒಂದೇ?’ ಎಂಬುದರ ಬೆನ್ನಿಗೇ ‘ಯಾವ ಅಳತೆಯಲ್ಲಿ?’ ಎಂದೂ ಕೇಳಿ.

ಬೇರೆ ಪಾಠಗಳಲ್ಲಿ ಸಿಕ್ಕಾಗ

ಗಣಿತದಲ್ಲಿ ಇದು ರಾಶಿಯ ಒಂದೇತನ. ಎಕ್ಸ್ ವರ್ಗ, ಎಕ್ಸ್ ವೈ, ವೈ ವರ್ಗ ಕೂಡಿಸಿದರೆ ಪ್ರತಿ ಪದದಲ್ಲೂ ಘಾತಗಳ ಮೊತ್ತ ಎರಡು. ಹಾಗಾಗಿ ಅದು ಹೋಮೋಜೀನಿಯಸ್. ಅದಕ್ಕೊಂದು ಬರೀ ಎಕ್ಸ್ ಸೇರಿಸಿ, ಕೆಟ್ಟಿತು. ಫ್ರೆಂಚ್ ಗಣಿತಜ್ಞ ವಿಯೆಟ್ 1591ರಷ್ಟು ಹಿಂದೆಯೇ ಇದನ್ನು ನಿಯಮವಾಗಿ ಹೇಳಿದ್ದ: ಒಂದೇ ಬಗೆಯದನ್ನು ಒಂದೇ ಬಗೆಯದರ ಜೊತೆಗಷ್ಟೇ ಹೋಲಿಸಬೇಕು, ಉದ್ದವನ್ನು ಉದ್ದಕ್ಕೆ, ವಿಸ್ತೀರ್ಣವನ್ನು ವಿಸ್ತೀರ್ಣಕ್ಕೆ. ನ್ಯೂಟನ್ 1704ರ ತನ್ನ ಬೆಳಕಿನ ಗ್ರಂಥದಲ್ಲಿ ಈ ಪದದ ಹಳೆಯ ರೂಪ ‘ಹೋಮೋಜೀನಿಯಲ್’ ಅನ್ನು ಬಳಸಿದ. ಎಲ್ಲ ಕಿರಣಗಳೂ ಒಂದೇ ಪ್ರಮಾಣದಲ್ಲಿ ಬಾಗುವ ಬೆಳಕಿಗೆ ಅವನಿಟ್ಟ ಹೆಸರು ಅದು. ಅದೂ ರಾಶಿಯೇ, ಕಿರಣಗಳ ರಾಶಿ.

ಭೌತಶಾಸ್ತ್ರದಲ್ಲಿ ‘ಐಸೋಟ್ರೋಪಿಕ್’ ಎಂಬ ಪದ ಪಕ್ಕದಲ್ಲೇ ಕೂತಿರುತ್ತದೆ. ಯಾವ ಜಾಗದಲ್ಲಿ ನೋಡಿದರೂ ಒಂದೇ ಎಂಬುದು ಹೋಮೋಜೀನಿಯಸ್. ಯಾವ ದಿಕ್ಕಿನಲ್ಲಿ ನೋಡಿದರೂ ಒಂದೇ ಎಂಬುದು ಐಸೋಟ್ರೋಪಿಕ್. ಸೌದೆ ಒಡೆದವರಿಗೆ ಇದು ಗೊತ್ತು. ನೇರ ಎಳೆಯ ಒಳ್ಳೆ ಕೊರಡು ಎಲ್ಲ ಕಡೆಯೂ ಒಂದೇ ಮರ, ಆದರೆ ಎಳೆಯ ಉದ್ದಕ್ಕೆ ಕೊಡಲಿ ಬಿದ್ದರೆ ಸೀಳುತ್ತದೆ, ಅಡ್ಡಕ್ಕೆ ಬಿದ್ದರೆ ಇಲ್ಲ.

ರಾಸಾಯನಿಕ ಕ್ರಿಯೆಯ ವೇಗ ಹೆಚ್ಚಿಸುವ ವಸ್ತುವಿಗೆ ಕೆಟಲಿಸ್ಟ್ ಎನ್ನುತ್ತಾರೆ. ಆ ಪಾಠದಲ್ಲಿ ಅರ್ಥ ಇನ್ನಷ್ಟು ಸರಳ: ಕೆಟಲಿಸ್ಟೂ ವರ್ತಿಸುವ ವಸ್ತುಗಳೂ ಒಂದೇ ಪ್ರಾವಸ್ಥೆಯಲ್ಲಿದ್ದರೆ ಹೋಮೋಜೀನಿಯಸ್. ಅಮೋನಿಯಾ ತಯಾರಿಸುವ ಹೇಬರ್ ವಿಧಾನದಲ್ಲಿ ಕೆಟಲಿಸ್ಟ್ ಆದ ಕಬ್ಬಿಣ ಘನ, ಸಾರಜನಕ ಜಲಜನಕ ಅನಿಲ. ಹಾಗಾಗಿ ಅಲ್ಲಿ ಹೆಟಿರೋಜೀನಿಯಸ್. ಗ್ರೀಕಿನ ‘ಹೆಟಿರೊ’ ಎಂದರೆ ಬೇರೆ, ಇನ್ನೊಂದು.

ಕನ್ನಡಕ್ಕೆ ತರುವಾಗ

ಒಂದೇ ಕನ್ನಡ ಪದವನ್ನು ಎಲ್ಲೆಡೆಗೂ ಒತ್ತಿ ಕೂರಿಸಬೇಡಿ. ನಾನು ನೋಟ್ಸ್ ಬರೆಯುವಾಗ ಹೀಗೆ ಮಾಡುತ್ತೇನೆ.

ರಾಶಿಯ ಒಂದೇತನವಾದರೆ ‘ಸಮಜಾತೀಯ’, ಇಲ್ಲವೇ ಇನ್ನೂ ಸುಲಭವಾಗಿ ‘ಒಂದೇ ಬಗೆಯ’. ಗಣಿತಕ್ಕೆ ‘ಸಮಘಾತ’ ಎಂದರೆ ಎಲ್ಲವೂ ಒಂದೇ ಮಾತಿನಲ್ಲಿ ತಿಳಿಯುತ್ತದೆ. ದ್ರಾವಣಕ್ಕೆ ‘ಸಮರೂಪ’ ಎಂದು ಬರೆಯುವವರಿದ್ದಾರೆ, ಅದರಲ್ಲಿ ತಪ್ಪಿಲ್ಲ. ನನ್ನ ಮನಸ್ಸು ಮಾತ್ರ ‘ಏಕರಸ’ದ ಕಡೆಗೆ ಹೋಗುತ್ತದೆ. ಸ್ವಗತ ಭೇದವಿಲ್ಲದ್ದು ಎಂಬ ಅರ್ಥವನ್ನು ಅದು ಎಷ್ಟೋ ಕಾಲದಿಂದ ಹೊತ್ತುಕೊಂಡು ಬಂದಿದೆ, ಉಪ್ಪುನೀರಿನ ರುಚಿಯೂ ಅದರಲ್ಲೇ ಇದೆ. ‘ಏಕರೂಪ’ವನ್ನು ‘ಯೂನಿಫಾರ್ಮ್’ ಪದಕ್ಕೆ ಮೀಸಲಿಡಿ. ಲ್ಯಾಟಿನ್ನಿನ ‘ಉನುಸ್’ ಅಂದರೆ ಒಂದು, ‘ಫೋರ್ಮ’ ಅಂದರೆ ರೂಪ. ಹೋಳಿಗೆ ಹೋಳು ಕೂರುತ್ತದೆ. ಪತ್ರಿಕೆಗಳು ‘ಏಕರೂಪ ನಾಗರಿಕ ಸಂಹಿತೆ’ ಎಂದು ಬರೆಯುವುದು ಸರಿಯಾಗಿಯೇ ಇದೆ. ‘ಒಂದೇ ಸಮ’ ಎಂಬ ನಮ್ಮ ಮಾತನ್ನು ಇಲ್ಲಿ ಬಳಸಬೇಡಿ. ಒಂದೇ ಸಮ ಮಳೆ ಹೊಯ್ತು ಅಂದರೆ ಬಿಡದೆ ಹೊಯ್ತು ಎಂದರ್ಥ.

ಜನರ ಬಗ್ಗೆ ಈ ಪದ ಬಂದಾಗ ಇನ್ನಷ್ಟು ಎಚ್ಚರ ಬೇಕು. ‘ಹೋಮೋಜೀನಿಯಸ್ ಸೊಸೈಟಿ’ ಎಂಬುದನ್ನು ‘ಸಮಜಾತೀಯ ಸಮಾಜ’ ಎಂದುಬಿಟ್ಟರೆ, ಓದುವವರಿಗೆ ಒಂದೇ ಜಾತಿಯವರ ಕೇರಿ ಕಣ್ಣಮುಂದೆ ಬರುತ್ತದೆ. ಮೂಲದಲ್ಲಿ ಹೇಳಹೊರಟದ್ದು ಭಾಷೆಯೋ, ಮತವೋ, ಆದಾಯವೋ ಇರಬಹುದು. ಅಲ್ಲಿ ನಾನು ಪದಕ್ಕೆ ಪದ ಹುಡುಕದೆ ‘ಹೆಚ್ಚುಕಡಿಮೆ ಎಲ್ಲರೂ ಒಂದೇ ಭಾಷೆ ಆಡುವ ಸಮಾಜ’ ಎಂದು ಬಿಡಿಸಿ ಬರೆಯುತ್ತೇನೆ. ಒಂದೇ ಭಾಷೆ ಎಂದಾಗಲೂ ಒಳಗೆ ಕೈ ಹಾಕಿ ನೋಡಬೇಕು. ಧಾರವಾಡದ, ಕುಂದಾಪುರದ, ನಮ್ಮ ತಿಪಟೂರಿನ ಕನ್ನಡ ಹೊರಗಿನವರಿಗೆ ಒಂದೇ ಮಾಲು. ಮೂರು ಕಡೆಯಿಂದ ಮೂರು ಸಲ ತೆಗೆದು ಕೇಳಿದರೆ ಮೂರು ಬೇರೆ ರಾಗ.

ಹಾಲಿನ ಪ್ಯಾಕೆಟ್ಟಿನ ‘ಹೋಮೋಜಿನೈಸ್ಡ್’ಗೆ ಏನೆನ್ನುತ್ತೀರಿ ಎಂದು ಬಹಳ ಜನ ಕೇಳಿದ್ದಾರೆ. ಅತ್ತೆಯವರಿಗೆ ಹೇಳಿದ್ದನ್ನೇ ಅವರಿಗೂ ಹೇಳುತ್ತೇನೆ: ಕೆನೆ ಕಟ್ಟದ ಹಾಲು.